ಅಮ್ಮನ ಕಲ್ಲು, ನನ್ನ ಕಲ್ಲು

ಹರ್ಷಿತಾ, ಮನು, ಇದನ್ನು ನಿಮ್ಮಿಬ್ಬರಿಗೆ ಬರೆಯುತ್ತಿದ್ದೇನೆ. ಮೊನ್ನೆ ನಿಮ್ಮಮ್ಮ ಹೂವಿನ ಕುಂಡಗಳಿಗೆ ಹಾಕಲು ಶಿರಾ ಗೇಟ್ ಹತ್ತಿರದ ನರ್ಸರಿಯಿಂದ ಒಂದು ಚೀಲ ಬಿಳಿ ಕಲ್ಲು ತಂದಳಲ್ಲ, ಅದನ್ನು ನೀವು ಹಾಲ್‌ನ ನೆಲದ ಮೇಲೆ ಸುರಿದುಕೊಂಡು ಒಂದೊಂದಕ್ಕೂ ಫೋನ್ ಹಿಡಿದಿರಿ. ಹಾಲಿನಂಥ ಕಲ್ಲಿಗೂ, ಹೊಗೆ ಬಣ್ಣದ್ದಕ್ಕೂ, ತುಕ್ಕು ಹಿಡಿದಂತೆ ಕೆಂಪಗಿದ್ದುದಕ್ಕೂ ಫೋನು ಒಂದೇ ಹೆಸರು ಹೇಳಿತು, ಕ್ವಾರ್ಟ್ಸ್ ಅಂತ. ಮನು ಸಿಟ್ಟಾಗಿ, "ಎಲ್ಲಾನೂ ಒಂದೇ ಹೆಂಗಾಗುತ್ತಜ್ಜಿ? ಈ ಆಪ್ ಕೆಟ್ಟೋಗಿದೆ" ಎಂದ. ಆಗ ನನಗೆ ಹೇಳಬೇಕೆನಿಸಿತು. ಆದರೆ ನಿಮ್ಮಪ್ಪನ ಆಫೀಸಿನವರು ಸೋಫಾದ ಮೇಲೆ ಕುಳಿತಿದ್ದರು, ನನ್ನ ಬಾಯಿ ಕಟ್ಟಿತು. ನಾನು ಮೊದಲಿನಿಂದಲೂ ಹೀಗೆಯೇ. ನಿಮ್ಮ ತಾತ ಇದ್ದಷ್ಟು ದಿನ ನಾಲ್ಕು ಜನರ ನಡುವೆ ನನ್ನ ಮಾತನ್ನೂ ಅವರೇ ಆಡಿಬಿಡುತ್ತಿದ್ದರು. ಈಗ ಅವರಿಲ್ಲ. ಊರಿನ ಶಾಲೆಯಲ್ಲಿ ಕಲಿತ ಅಕ್ಷರ ಮಾತ್ರ ಇದೆ, ಅದರಲ್ಲೇ ಹೇಳುತ್ತೇನೆ. ಒಂದು ಮಾತು ಮೊದಲೇ ತಿಳಿಸಿಬಿಡುತ್ತೇನೆ. ಎಲ್ಲವೂ ಒಂದೇ ಹೇಗಾಗುತ್ತದೆ ಎಂಬ ಪ್ರಶ್ನೆ ನಮ್ಮ ಮನೆಯಲ್ಲಿ ಒಮ್ಮೆ ಎದ್ದಿತ್ತು. ಆಗಲೂ ಅದನ್ನು ಯಾರಿಗೂ ಸರಿಯಾಗಿ ಬಿಡಿಸಲಾಗಲಿಲ್ಲ.

ನಮ್ಮ ಊರು ಗುಬ್ಬಿಯಿಂದ ಒಳಗೆ, ಒಂದು ಹಳ್ಳದ ಪಕ್ಕದಲ್ಲಿತ್ತು. ಮನೆಗೆ ದೊಡ್ಡ ನಡುಮನೆ, ಅದರ ಎಡಕ್ಕೆ ಅಡುಗೆಮನೆ, ಬಲಕ್ಕೆ ರಾಗಿ ತುಂಬಿಡುವ ಕತ್ತಲೆ ಕೋಣೆ. ನಡುಮನೆಯ ಪೂರ್ವದ ಗೋಡೆಗೆ ಮಣ್ಣಿನಲ್ಲಿ ಕಟ್ಟಿ ಕೆಮ್ಮಣ್ಣು ಸಾರಿಸಿದ ಜಗುಲಿ ಇತ್ತು. ದೇವರು ಇರುತ್ತಿದ್ದುದು ಅಲ್ಲಿ. ಅಪ್ಪನ ತಾಯಿ, ಅಂದರೆ ನನ್ನ ಅಜ್ಜಿ, ಬೆಳಿಗ್ಗೆ ಮಿಂದು ಒದ್ದೆ ಸೀರೆಯಲ್ಲೇ ಜಗುಲಿಯ ಮುಂದೆ ಕುಳಿತು ಕೊರಳಿನ ಲಿಂಗವನ್ನು ಎಡ ಅಂಗೈಯಲ್ಲಿಟ್ಟು ಪೂಜೆ ಮಾಡಿಕೊಳ್ಳುತ್ತಿದ್ದರು. ಅದು ಮುಗಿದ ಮೇಲೆ ಜಗುಲಿಯ ಹಿತ್ತಾಳೆ ತಟ್ಟೆಯಲ್ಲಿದ್ದ ಒಂದು ಕಲ್ಲಿಗೆ ತಂಬಿಗೆಯಿಂದ ಸಣ್ಣಗೆ ನೀರು ಎರೆಯುತ್ತಿದ್ದರು. ಅಡಿಕೆಗಿಂತ ದೊಡ್ಡದು, ನಿಂಬೆಹಣ್ಣಿಗಿಂತ ಚಿಕ್ಕದು, ನುಣ್ಣನೆಯ ಕಲ್ಲು. ಒಣಗಿದಾಗ ಕಲ್ಲುಪ್ಪಿನ ಹರಳಿನ ಹಾಗೆ ಮಬ್ಬಾಗಿರುತ್ತಿತ್ತು. ನೀರು ಬಿದ್ದ ಕೂಡಲೇ ಮಬ್ಬೆಲ್ಲ ಹೋಗಿ, ಕಲ್ಲೇ ಇಲ್ಲವೇನೋ ಎಂಬಂತೆ ಅದರ ಅಡಿಯ ತಟ್ಟೆಯ ಗೆರೆಗಳು ಕಾಣುತ್ತಿದ್ದವು.

"ನೋಡ್ದಾ, ಸಿವ ಕರಗೋದ," ಎನ್ನುತ್ತಿದ್ದರು ಅಜ್ಜಿ. ನೀರು ಆರುತ್ತ ಬಂದು ಕಲ್ಲು ಮತ್ತೆ ಮಬ್ಬಾದಾಗ, "ಬಂದ ನೋಡು," ಎನ್ನುತ್ತಿದ್ದರು. ನಾನು ದಿನವೂ ಹೋಗಿ ನಿಲ್ಲುತ್ತಿದ್ದೆ. ಕರಗಿದವನು ಎಲ್ಲಿಗೆ ಹೋಗಿಬರುತ್ತಾನೆ ಎಂದು ಕೇಳುವ ಧೈರ್ಯ ಇರಲಿಲ್ಲ.

ಆ ಕಲ್ಲು ಅಮ್ಮನ ತವರಿನಿಂದ ಬಂದದ್ದು. ಅಮ್ಮನ ತವರು ಕುಣಿಗಲ್ ಕಡೆಯ ಅಮೃತೂರು. ಮದುವೆಯಲ್ಲಿ ಅಮ್ಮನ ಅಪ್ಪ ಅದನ್ನು ರೇಷ್ಮೆ ಬಟ್ಟೆಯಲ್ಲಿ ಸುತ್ತಿ, ಬೀಗರೆಲ್ಲರ ಎದುರಿಗೆ ಅಜ್ಜಿಯ ಕೈಗೆ ಕೊಟ್ಟು, ಇದು ನಮ್ಮ ಮುತ್ತಾತನ ಕಾಲದ ಸ್ಫಟಿಕ, ನಮ್ಮ ಹುಡುಗಿಯ ಜೊತೆ ನಿಮ್ಮ ಮನೆಗೆ ಬರುತ್ತಿದೆ ಎಂದಿದ್ದರಂತೆ. ಆ ತಾತನನ್ನು ನಾನು ನೋಡಿಲ್ಲ. ನಾನು ಹುಟ್ಟುವ ಮೊದಲೇ ತೀರಿಕೊಂಡಿದ್ದರು. ನಮ್ಮ ಮನೆಯಲ್ಲಿ ಎಲ್ಲವೂ ಅಜ್ಜಿಯದೇ ಕಾರುಬಾರು. ಸಾರಿಗೆ ಎಷ್ಟು ಉಪ್ಪು, ಮಜ್ಜಿಗೆಗೆ ಎಷ್ಟು ನೀರು, ಯಾವ ಗಡಿಗೆಯ ಉಪ್ಪಿನಕಾಯಿ ಮೊದಲು ತೆಗೆಯಬೇಕು, ಎಲ್ಲವನ್ನೂ ಅವರೇ ಹೇಳಬೇಕು. ಅಮ್ಮ ತಲೆ ತಗ್ಗಿಸಿ ಮಾಡುತ್ತಿದ್ದಳು. ಆದರೆ ಸೋಮವಾರ ಆ ಕಲ್ಲಿಗೆ ಮೊದಲ ನೀರು ಎರೆಯುವ ಹಕ್ಕು ಅಮ್ಮನದು. ಆ ಹೊತ್ತಿನಲ್ಲಿ ಅಜ್ಜಿ ಪಕ್ಕಕ್ಕೆ ಸರಿದು ಅವಳಿಗೆ ಜಾಗ ಬಿಡುತ್ತಿದ್ದರು. ಮನೆಗೆ ಯಾರೇ ಬರಲಿ, ಜಗುಲಿಯ ಹತ್ತಿರ ಕರೆದುಕೊಂಡು ಹೋಗಿ, "ನಮ್ ಸೊಸೆ ತವರಿನ ಸ್ಫಟಿಕ. ಅವ್ರ ಮುತ್ತಾತನ ಕಾಲದ್ದು," ಎಂದು ತೋರಿಸುತ್ತಿದ್ದರು. ಬಾಗಿಲ ಹಿಂದೆ ನಿಂತ ಅಮ್ಮನ ಮುಖ ಆಗ ನೋಡಬೇಕಿತ್ತು.

ಕಲ್ಲು ಎಂದರೆ ನಮಗೆ ಜಗುಲಿಯದು ಮಾತ್ರವಲ್ಲ. ನಮ್ಮ ಹೊಲದಲ್ಲಿ ಉತ್ತಾಗಲೆಲ್ಲ ಬಿಳಿ ಕಲ್ಲು ಏಳುತ್ತಿದ್ದವು. ಅವನ್ನು ಬೆಣಚುಕಲ್ಲು ಎನ್ನುತ್ತಿದ್ದೆವು. ಹೆಂಗಸರು ಮಂಕರಿಯಲ್ಲಿ ತುಂಬಿ ಬದುವಿನ ಮೇಲೆ ಸುರಿಯುತ್ತಿದ್ದರು. ಅಪ್ಪ ಅದರಲ್ಲಿ ಒಂದೆರಡನ್ನು ತಂದು ಒಲೆಯಲ್ಲಿ ಕೆಂಪಗೆ ಕಾಯಿಸಿ ನೀರಿಗೆ ಹಾಕುತ್ತಿದ್ದರು. ಚುಂಯ್ ಎಂದು ಸದ್ದಾಗಿ ಕಲ್ಲು ಬಿರಿದುಕೊಳ್ಳುತ್ತಿತ್ತು. ಅದನ್ನು ಕುಟ್ಟಿ ಪುಡಿ ಮಾಡಿ, ಒಂದು ಮರದ ತುಂಡಿನ ಮೇಲೆ ಉದುರಿಸಿ, ಕಾಯಿ ಸುಲಿಯುವ ಮಚ್ಚನ್ನು ಅದರ ಮೇಲೆ ಉಜ್ಜಿ ಹರಿತ ಮಾಡುತ್ತಿದ್ದರು. ಕಬ್ಬಿಣವನ್ನೇ ತಿನ್ನುವ ಕಲ್ಲು ಅದು. ಅಕ್ಕಿಯಲ್ಲಿ ಬಂದರೆ ಮಾತ್ರ ಶನಿ. ಅಜ್ಜಿ ಮೊರದಲ್ಲಿ ಅಕ್ಕಿ ಹರಡಿ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಬೆಣಚಿನ ಚೂರನ್ನು ಗುರುತಿಸಲು ಕಲಿಸಿದರು. ಅಕ್ಕಿಯ ಬಿಳುಪು ಬೇರೆ, ಕಲ್ಲಿನ ಬಿಳುಪು ಬೇರೆ. ಮೊರವನ್ನು ಬೆಳಕಿಗೆ ಓರೆಯಾಗಿ ಹಿಡಿದರೆ ಅಕ್ಕಿ ಸುಮ್ಮನಿರುತ್ತದೆ, ಕಲ್ಲು ಮಿಂಚುತ್ತದೆ.

ಇನ್ನು ನಮ್ಮ ಹುಡುಗಿಯರ ಕಲ್ಲಾಟ. ಐದು ಕಲ್ಲು ಹಿಡಿದು, ಒಂದನ್ನು ಮೇಲೆ ಹಾರಿಸಿ ಉಳಿದವನ್ನು ಬಾಚಿಕೊಳ್ಳುವ ಆಟ. ಅದಕ್ಕೆ ಯಾವ ಕಲ್ಲಾದರೂ ಆಗುವುದಿಲ್ಲ. ಸುಣ್ಣದ ಕಲ್ಲೂ ಬೆಳ್ಳಗೇ ಇರುತ್ತದೆ, ಆದರೆ ಕೈಗೆ ಪುಡಿ ಮೆತ್ತುತ್ತದೆ, ಉಗುರಿನಲ್ಲಿ ಕೆರೆದರೂ ಗೀರು ಬೀಳುತ್ತದೆ. ನಿಂಬೆ ರಸ ಬಿಟ್ಟರೆ ನೊರೆ ಏಳುತ್ತದೆ. ನಸುಗೆಂಪು ಬಣ್ಣದ ಇನ್ನೊಂದು ಇತ್ತು, ಅದಕ್ಕೆ ನಮ್ಮಲ್ಲಿ ಹೆಸರಿರಲಿಲ್ಲ. ಬಿದ್ದರೆ ಹಲಗೆಯ ಹಾಗೆ ಚಪ್ಪಟೆಯಾಗಿ ಸೀಳುತ್ತಿತ್ತು. ಬೆಣಚು ಹಾಗಲ್ಲ. ಒಡೆಯುವುದೇ ಕಷ್ಟ, ಒಡೆದರೂ ಸೀಸೆಯ ಚೂರಿನಂತೆ ಬಾಗಿದ ಮುಖ ಬರುತ್ತದೆ, ಕೈ ಕೊಯ್ಯುತ್ತದೆ. ಹೊಲದ ಬೆಣಚು ಮೂಲೆಮೂಲೆಯಾಗಿ ಚುಚ್ಚುವುದರಿಂದ ನಾವು ಹಳ್ಳಕ್ಕೆ ಹೋಗುತ್ತಿದ್ದೆವು. ನೀರಿನಲ್ಲಿ ಉರುಳಿ ಉರುಳಿ ಗುಂಡಗಾದವು ಅಲ್ಲಿ ಸಿಗುತ್ತಿದ್ದವು.

ಹಳ್ಳ ಬತ್ತಿ ಒಂದು ಎಳೆಯಷ್ಟು ನೀರು ಉಳಿದಿದ್ದ ಒಂದು ಮಧ್ಯಾಹ್ನ ನಾನು ಐದನೆಯ ಕಲ್ಲು ಹುಡುಕುತ್ತಿದ್ದೆ. ಮರಳಿಗೆ ಕೈ ಹಾಕಿದಾಗ ಏನೋ ತಣ್ಣಗೆ ಸಿಕ್ಕಿತು, ಕಣ್ಣಿಗೆ ಮಾತ್ರ ಕಾಣಲಿಲ್ಲ. ಮೇಲೆತ್ತಿದರೆ ಅಂಗೈಯ ಗೆರೆಗಳು ಅದರೊಳಗಿಂದ ಕಂಡವು. ಲಂಗದಲ್ಲಿ ಮುಚ್ಚಿಕೊಂಡು ಮನೆಗೆ ಓಡಿಬಂದೆ. ಬಚ್ಚಲಲ್ಲಿ ಕುಳಿತು ತೊಳೆಯುತ್ತಿದ್ದಾಗ ಅಜ್ಜಿ ಬಂದರು.

"ಏನೇ ಅದು ಕೈಲಿ?"

ನಾನು ಮುಷ್ಟಿ ಬಿಗಿ ಹಿಡಿದೆ. ಅವರೇ ಬೆರಳು ಬಿಡಿಸಿ ನೋಡಿದರು. ನೋಡಿದ್ದೇ ತಡ, ಕೆನ್ನೆಗೆ ಒಂದು ಬಿತ್ತು.

"ಅಯ್ಯೋ ಪಾಪಿ ಮುಂಡೇದೇ! ಜಗುಲಿ ಮ್ಯಾಲಿಂದ ದೇವ್ರನ್ನ ಎತ್ಕಂಡು ಬಚ್ಚಲಿಗೆ ತಂದಿದೀಯಲ್ಲೇ!"

ಅಲ್ಲ ಎಂದು ಹೇಳಲು ನನಗೆ ಸ್ವರ ಬರಲಿಲ್ಲ. ಅವರು ಕಲ್ಲನ್ನು ಶುದ್ಧ ನೀರಿನಲ್ಲಿ ತೊಳೆದು, ಕಣ್ಣಿಗೊತ್ತಿಕೊಂಡು, ಸೆರಗಿನಲ್ಲಿ ಹಿಡಿದು ನಡುಮನೆಗೆ ಹೋದರು. ನಾನು ಅಳುತ್ತ ಹಿಂದೆಯೇ ಹೋದೆ. ಜಗುಲಿಯ ಮೇಲೆ, ತಟ್ಟೆಯಲ್ಲಿ, ವಿಭೂತಿ ಹಚ್ಚಿಕೊಂಡು ದೇವರು ಬೆಳಿಗ್ಗೆ ಕುಳಿತಂತೆಯೇ ಕುಳಿತಿದ್ದರು. ಅಜ್ಜಿ ತಟ್ಟೆಯನ್ನು ನೋಡಿದರು, ಸೆರಗನ್ನು ನೋಡಿದರು, ಮತ್ತೆ ತಟ್ಟೆಯನ್ನು ನೋಡಿದರು.

"ಇದೆಲ್ಲಿ ಸಿಕ್ತೇ ನಿಂಗೆ?"

"ಹಳ್ಳದಲ್ಲಿ."

"ಯಾವ ಹಳ್ಳ?"

"ನಮ್ ಹಳ್ಳ ಅಜ್ಜಿ. ಎಮ್ಮೆ ಮೈ ತೊಳೀತಾರಲ್ಲ, ಅಲ್ಲಿ."

ಅಜ್ಜಿಯ ಮುಖ ಹೇಗಾಯಿತೆಂದು ನನಗೆ ಇವತ್ತಿಗೂ ಬರೆಯಲು ಬರುವುದಿಲ್ಲ. ಸಿಟ್ಟು ಆಮೇಲೆ ಬಂತು. ಮೊದಲು ಬಂದದ್ದು ದಾರಿ ತಪ್ಪಿದವರ ಮುಖ. ಅಮ್ಮ ಅಡುಗೆಮನೆಯಲ್ಲಿ ನನ್ನ ತಮ್ಮನಿಗೆ ಹಾಲು ಕುಡಿಸುತ್ತಿದ್ದಳು. ಅವನಿನ್ನೂ ತೊಟ್ಟಿಲ ಕೂಸು.

"ಗಿರಿಜಾ, ಬಾ ಇಲ್ಲಿ. ನಿಮ್ಮಪ್ಪನ ಸ್ಫಟಿಕ ಮರಿ ಹಾಕೈತೆ, ನೋಡ್ಬಾ."

ಅಮ್ಮ ಮಗುವನ್ನು ಹೆಗಲಿಗೆ ಹಾಕಿಕೊಂಡು ಬಂದಳು. ಅಜ್ಜಿ ಎರಡೂ ಕಲ್ಲುಗಳನ್ನು ಒಂದೊಂದು ಅಂಗೈಯಲ್ಲಿ ಹಿಡಿದು ಅವಳ ಮುಂದೆ ಚಾಚಿದರು.

"ಯಾವ್ದು ನಿಂದು, ಹೇಳು ನೋಡಾನ."

ಅಮ್ಮ ಒಂದು ಕ್ಷಣವೂ ಯೋಚಿಸದೆ ಎಡಗೈಯದನ್ನು ತೋರಿಸಿದಳು. "ಇದು. ಇದ್ರೊಳಗೆ ಕೂದ್ಲು ಹೋದಂಗೆ ಒಂದು ಎಳೆ ಐತಲ್ಲ ಅತ್ತೆ."

ಅಜ್ಜಿ ಕಲ್ಲನ್ನು ಬಾಗಿಲ ಬೆಳಕಿಗೆ ಹಿಡಿದರು. ಎಳೆ ಇತ್ತು. ದಿನವೂ ನೀರೆರೆಯುತ್ತಿದ್ದವರ ಕಣ್ಣಿಗೆ ಅದು ಒಂದು ದಿನವೂ ಬಿದ್ದಿರಲಿಲ್ಲ. ಅದೇ ಅವರನ್ನು ಹೆಚ್ಚು ಕೆರಳಿಸಿರಬೇಕು.

"ಬಂದೋರ್ಗೆಲ್ಲ ಹೇಳ್ಕಂಡು ಬಂದಿದೀನಲ್ಲೇ, ಮುತ್ತಾತನ ಕಾಲದ್ದು, ಮುತ್ತಾತನ ಕಾಲದ್ದು ಅಂತ! ಎಮ್ಮೆ ಮೀಯೋ ಹಳ್ಳದ ಕಲ್ಲಿಗೆ ನನ್ ಕೈಲಿ ನೀರು ಎರೆಸಿದ್ರಲ್ಲ ನೀವು!"

"ನಮ್ಮಪ್ಪ ಸುಳ್ಳು ಹೇಳೋರಲ್ಲ ಅತ್ತೆ. ಸತ್ತೋರ ಮ್ಯಾಲೆ ಹಂಗನ್ಬ್ಯಾಡಿ."

"ಹಂಗಾರೆ ಇದೇನು? ಇದನ್ನ ಎಮ್ಮೆಗೆ ಯಾವ ಮುತ್ತಾತ ಕೊಟ್ಟ?"

ನನಗೆ ನಗು ಬಂದುಬಿಟ್ಟಿತು. ಅಮ್ಮ ನನ್ನ ಕಡೆ ನೋಡಿದ ನೋಟಕ್ಕೆ ಅದು ಅಲ್ಲೇ ಸತ್ತಿತು. ಅಜ್ಜಿ ಅಮ್ಮನ ಕಲ್ಲನ್ನು ಅವಳ ಕೈಗೆ ಹಾಕಿದರು, ನನ್ನದನ್ನು ನನ್ನ ಕಡೆ ಎಸೆದರು.

"ಸ್ಫಟಿಕವೋ ಬೆಣಚೋ, ಇತ್ಯರ್ಥ ಆಗೋಗಂಟ ಇದು ಜಗುಲಿ ಮ್ಯಾಲೆ ಬ್ಯಾಡ."

"ಇದು ಜಗುಲಿ ಇಳಿದ್ರೆ ನಾನೂ ಈ ಮನೆ ಇಳೀತೀನಿ ಅತ್ತೆ," ಎಂದಳು ಅಮ್ಮ. ಅಮ್ಮ ಅಜ್ಜಿಗೆ ಎದುರಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಗಟ್ಟಿಯಾಗಿ ಹೇಳಲಿಲ್ಲ, ಮಗು ನಿದ್ದೆ ಹೋಗಿತ್ತು.

ಅವತ್ತೇ ಅಮ್ಮನ ತಗಡಿನ ಟ್ರಂಕು ಅಟ್ಟದಿಂದ ಇಳಿದು ಬಾಗಿಲ ಪಕ್ಕ ಬಂದು ಕುಳಿತಿತು. ಹೋದರೆ ಅಮ್ಮ ತಮ್ಮನನ್ನು ಎತ್ತಿಕೊಂಡು ಹೋಗುತ್ತಾಳೆ, ನನ್ನನ್ನು ಏನು ಮಾಡುತ್ತಾಳೆ ಎಂದು ನನಗೆ ಗೊತ್ತಾಗಲಿಲ್ಲ. ಕೇಳಲೂ ಇಲ್ಲ. ಮನೆ ಹೇಗೋ ನಡೆಯುತ್ತಿತ್ತು. ಅಮ್ಮ ಮುದ್ದೆ ತಿರುವುತ್ತಿದ್ದಳು, ಸಾರು ಮಾಡುತ್ತಿದ್ದಳು, ಬಡಿಸಿ ಪಕ್ಕಕ್ಕೆ ಹೋಗುತ್ತಿದ್ದಳು. ಉಪ್ಪು ಎಷ್ಟೆಂದು ಅವಳು ಕೇಳುತ್ತಿರಲಿಲ್ಲ, ಅಜ್ಜಿ ಹೇಳುತ್ತಿರಲಿಲ್ಲ. ಒಂದು ದಿನ ಸಾರು ಉಪ್ಪಿನ ಮಡುವಾಗಿತ್ತು, ಮರುದಿನ ಸಪ್ಪೆ. ಇಬ್ಬರೂ ತಟ್ಟೆ ಬಳಿದು ಉಂಡರು. ಅಪ್ಪ ಒಂದು ಸಲ, "ಸಾರಿಗೆ ಏನಾಗೈತೆ?" ಎಂದು ಕೇಳಿ ಇಬ್ಬರ ಮುಖವನ್ನೂ ನೋಡಿ, "ಏನೂ ಇಲ್ಲ ಬುಡು, ಚೆನ್ನಾಗೈತೆ," ಎಂದು ತಾವೇ ಉತ್ತರ ಹೇಳಿಕೊಂಡರು. ಅಮ್ಮ ತನ್ನ ಕಲ್ಲನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಓಡಾಡುತ್ತಿದ್ದಳು. ಬಗ್ಗಿ ಗುಡಿಸುವಾಗ ಅದು ಹೊಸ್ತಿಲಿಗೆ ತಾಗಿ ಟಕ್ ಎನ್ನುತ್ತಿತ್ತು. ಆ ಸದ್ದಿಗೆ ಅಜ್ಜಿ ಎಲ್ಲಿದ್ದರೂ ತಲೆ ಎತ್ತುತ್ತಿದ್ದರು.

ಅಪ್ಪ ಜಗಳ ಬಿಡಿಸುವ ಜಾತಿಯವರಲ್ಲ. ಆದರೆ ಕಲ್ಲು ಯಾವುದೆಂದು ಗೊತ್ತಾದರೆ ಜಗಳ ತಾನೇ ಬಿಡುತ್ತದೆ ಎಂದು ಅವರಿಗನಿಸಿತು. ಅಮ್ಮನನ್ನು ಬೇಡಿ ಅವಳ ಕಲ್ಲನ್ನು ಒಂದು ಗಳಿಗೆಗೆ ಇಸಕೊಂಡರು. ನನ್ನನ್ನು ಕರೆದು, ನನ್ನ ತಿಳಿ ಕಲ್ಲನ್ನೂ ಆಟದ ಒಂದು ಬಿಳಿ ಬೆಣಚನ್ನೂ ತರಲು ಹೇಳಿದರು. ಮೂರನ್ನೂ ಇಟ್ಟುಕೊಂಡು ನಾವಿಬ್ಬರೂ ಹಿತ್ತಲ ಕಟ್ಟೆಯ ಮೇಲೆ ಕುಳಿತೆವು. ಮೊದಲು ಮಚ್ಚಿನ ತುದಿಯಿಂದ ಕೆರೆದರು. ಮೂರರ ಮೇಲೂ ಗೀರು ಬೀಳಲಿಲ್ಲ, ಕಬ್ಬಿಣದ ಬೂದು ಗೆರೆ ಮಾತ್ರ ಮೂಡಿತು, ಒರೆಸಿದರೆ ಹೋಯಿತು. ಆಮೇಲೆ ಒಡೆದ ಲಾಂದ್ರದ ಗಾಜಿನ ಮೇಲೆ ಎಳೆದರು. ಅಮ್ಮನದು ಗಾಜನ್ನು ಕೊರೆಯಿತು. ಅಪ್ಪನ ಮುಖ ಅರಳಿತು. ನನ್ನದನ್ನು ಎಳೆದರು, ಅದೂ ಕೊರೆಯಿತು. ಆಟದ ಬೆಣಚಿನಿಂದ ಎಳೆದರು. ಅದಂತೂ ಎಲ್ಲಕ್ಕಿಂತ ಜೋರಾಗಿ ಕಿರ್ ಎಂದಿತು.

"ಗಾಜಲ್ಲ ಅಂತಾಯ್ತು," ಎಂದರು ಅಪ್ಪ. ಗಾಜೆಂದು ಯಾರೂ ಹೇಳಿರಲಿಲ್ಲ.

ಕೆನ್ನೆಗೆ ಒತ್ತಿ ನೋಡಿದೆವು. ಗಾಜಿನ ಚೂರು ಬೇಗ ಬೆಚ್ಚಗಾಯಿತು, ಕಲ್ಲು ಮೂರೂ ತಣ್ಣಗೇ ಇದ್ದವು. ನಿಂಬೆ ರಸ ಬಿಟ್ಟೆವು, ಯಾವುದೂ ನೊರೆ ಬಿಡಲಿಲ್ಲ. ಕೊನೆಗೆ ಅಪ್ಪ ನನ್ನನ್ನು ರಾಗಿಯ ಕತ್ತಲೆ ಕೋಣೆಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿದರು. ಎರಡು ಬೆಣಚನ್ನು ಉಜ್ಜಿದರೆ ಕತ್ತಲಲ್ಲಿ ಬೆಳಕು ಬರುವುದು ನಮಗೆಲ್ಲ ಗೊತ್ತಿತ್ತು. ಸ್ಫಟಿಕದಲ್ಲಿ ಬರಬಾರದು ಎಂದು ಅಪ್ಪನ ಲೆಕ್ಕ. ಅದನ್ನು ಯಾರು ಹೇಳಿದ್ದರೋ ನನಗೆ ತಿಳಿಯದು. ಅಮ್ಮನ ಕಲ್ಲಿಗೆ ನನ್ನ ಕಲ್ಲನ್ನು ಗಟ್ಟಿಯಾಗಿ ಉಜ್ಜಿದರು. ಎರಡರ ಹೊಟ್ಟೆಯೊಳಗೂ ಹಳದಿಯಾಗಿ ಮಿಣುಕು ಎದ್ದಿತು, ಸುಟ್ಟ ವಾಸನೆ ಬಂತು. ಅಮ್ಮನ ಕಲ್ಲಿನ ಆ ಎಳೆ ಬೆಳಕಿನಲ್ಲಿ ಒಂದು ಕ್ಷಣ ಕಂಡಿತು. ಬಿಳಿ ಬೆಣಚಿಗೆ ಉಜ್ಜಿದರೂ ಅದೇ ಮಿಣುಕು, ಅದೇ ವಾಸನೆ.

"ಮೂರೂ ಒಂದೇ ಕಣವ್ವ," ಎಂದರು ಅಪ್ಪ ಕತ್ತಲಲ್ಲಿ.

"ಹಂಗಾರೆ ಮೂರೂ ದೇವ್ರಾ ಅಪ್ಪಾ?"

"ನಂಗೇನ್ ಗೊತ್ತೇ?"

"ಹಂಗಾರೆ ಮೂರೂ ಬೆಣಚಾ?"

ಅಪ್ಪ ಬಾಗಿಲು ತೆಗೆದು ಹೊರಗೆ ಹೋದರು. ಬೇರೆ ಬೇರೆ ಮಾಡಲು ಹೋದ ಪರೀಕ್ಷೆಯೆಲ್ಲ ಅವನ್ನು ಇನ್ನಷ್ಟು ಹತ್ತಿರ ತಂದು ಕೂರಿಸಿತ್ತು. ಅಜ್ಜಿಗೆ ಹೇಳಿದರೆ ಬೆಣಚು ಎಂದು ಇತ್ಯರ್ಥ ಮಾಡುತ್ತಾರೆ, ಅಮ್ಮನಿಗೆ ಹೇಳಿದರೆ ಸ್ಫಟಿಕ ಎಂದು. ಅಪ್ಪ ಇಬ್ಬರಿಗೂ ಹೇಳಲಿಲ್ಲ. ನಿಮ್ಮಪ್ಪ ಹೈಸ್ಕೂಲಿನಲ್ಲಿದ್ದಾಗ ಅವನ ಪುಸ್ತಕದಲ್ಲಿ ನಾನು ಇದನ್ನು ಓದಿದೆ. ಸ್ಫಟಿಕ, ಬೆಣಚು ಎರಡೂ ಒಂದೇ ಪದಾರ್ಥವಂತೆ, ಅದೇ ನಿಮ್ಮ ಫೋನು ಹೇಳಿದ ಕ್ವಾರ್ಟ್ಸ್. ಶುದ್ಧವಾಗಿ ಬೆಳೆದದ್ದು ಸ್ಫಟಿಕ, ಬೆಳೆಯುವಾಗ ಒಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ನೀರಿನ ಗುಳ್ಳೆಗಳು ಸಿಕ್ಕಿಕೊಂಡರೆ ಹಾಲಿನ ಬಣ್ಣ, ಕಬ್ಬಿಣ ಸೇರಿದರೆ ಕೆಂಪು. ಮನು, ನಿನ್ನ ಆಪ್ ಕೆಟ್ಟಿಲ್ಲ ಕಂದ. ಆದರೆ ಆ ಪುಸ್ತಕ ಓದಿದ ಮೇಲೂ ನನಗೆ ಪೂರ್ತಿ ಸಮಾಧಾನವಾಗಲಿಲ್ಲ. ಅಜ್ಜಿ ಕೇಳಿದ್ದು ಅದನ್ನಲ್ಲ ಎನಿಸಿತು.

ಕೊನೆಗೆ ಅಮ್ಮನೇ ಹೇಳಿದಳು, ಅಮೃತೂರಿಗೆ ಹೋಗಿ ತನ್ನ ತಾಯಿಯನ್ನೇ ಕೇಳೋಣ, ತನ್ನಪ್ಪನ ಮಾತು ನಿಜವೆಂದು ಅವರ ಬಾಯಿಂದಲೇ ಕೇಳಿಸಿಕೊಳ್ಳಿ ಎಂದು. ಟ್ರಂಕನ್ನೂ ಎತ್ತಿಸಿದಳು. ಅಜ್ಜಿ ಟ್ರಂಕನ್ನು ನೋಡಿದರು. ತಮ್ಮನ ತಲೆಗೆ ಕುಲಾವಿ ಕಟ್ಟಿ, ಗಾಳಿಗೆ ಕಿಟಕಿ ಪಕ್ಕ ಕೂರಬೇಡ ಎಂದು ಮಗುವಿಗೇ ಹೇಳಿದರು. ಅಮ್ಮನಿಗೆ ಹೇಳಿದ್ದೆಂದು ನನಗೂ ಗೊತ್ತಾಯಿತು. ತುಮಕೂರಿನಲ್ಲಿ ಇಳಿದು, ಕುಣಿಗಲ್ ಬಸ್ಸು ಹಿಡಿದು, ಅಲ್ಲಿಂದ ಇನ್ನೊಂದು ಪ್ರೈವೇಟ್ ಬಸ್ಸಿನಲ್ಲಿ ಅಮೃತೂರು ಸೇರಿದೆವು. ದಾರಿಯುದ್ದಕ್ಕೂ ಟ್ರಂಕು ನನ್ನ ಕಾಲ ಕೆಳಗಿತ್ತು. ಅದರಲ್ಲಿ ನನ್ನ ಬಟ್ಟೆ ಇದೆಯೋ ಇಲ್ಲವೋ ಎಂದೇ ಯೋಚಿಸುತ್ತಿದ್ದೆ.

ಅಮ್ಮನ ತಾಯಿ, ನಮ್ಮ ಅಮೃತೂರಜ್ಜಿ, ತೆಂಗಿನ ಗರಿ ಸೀಳುತ್ತ ಪಡಸಾಲೆಯಲ್ಲಿ ಕುಳಿತಿದ್ದರು. ಉಪಚಾರ, ಊಟ ಎಲ್ಲ ಆಯಿತು. ಅಮ್ಮ ಸೆರಗಿನ ಗಂಟು ಬಿಚ್ಚಿ ಕಲ್ಲನ್ನು ಅವರ ಮುಂದಿಟ್ಟಳು.

"ಅವ್ವಾ, ಇದು ಮುತ್ತಾತನ ಕಾಲದ್ದು ಅಂತ ಇವ್ರಿಗೆ ಹೇಳವ್ವ."

ಅಮೃತೂರಜ್ಜಿ ಕಲ್ಲನ್ನು ನೋಡಿದರು. ಆಮೇಲೆ ನಕ್ಕರು. ಆ ನಗು ನಿಲ್ಲುವ ಹೊತ್ತಿಗೆ ಅವರ ಕಣ್ಣಲ್ಲಿ ನೀರಿತ್ತು.

"ಮುತ್ತಾತಂದು ಒಂದು ಇದ್ದಿದ್ದು ದಿಟ ಕಣಪ್ಪ," ಎಂದು ಅಪ್ಪನಿಗೆ ಹೇಳಿದರು. "ಮನೆ ಪಾಲಾದಾಗ ಅದು ನಮ್ಮ ಭಾವನೋರ ಕಡೆ ಹೋಯ್ತು. ಇವ್ಳ ಮದ್ವೆ ಮಾತಾಡುವಾಗ ಇವ್ಳಪ್ಪ ನಿಮ್ಮ ತಾಯೋರ ಮುಂದೆ ಸ್ಫಟಿಕ ಕೊಡ್ತೀನಿ ಅಂದುಬಿಟ್ರು. ಅಣ್ಣನ್ನ ಕೇಳಿದ್ರೆ ಕೊಟ್ಟೇಬಿಡ್ತಾನೆ ಅಂತ ಅವ್ರ ನಂಬಿಕೆ. ಅಣ್ಣ ಕೊಡ್ಲಿಲ್ಲ. ಮದ್ವೆ ಹತ್ರ ಬಂತು. ದಿನಾ ಎದ್ದು ಶಿಂಷಾ ಹೊಳೆಗೆ ಹೋಗೋರು. ಮೊಣಕಾಲುದ್ದ ನೀರಲ್ಲಿ ಬಗ್ಗಿ ಬಗ್ಗಿ ಹುಡುಕೋರು, ಪಂಚೆ ತುಂಬ ಕಲ್ಲು ಕಟ್ಕಂಡು ಬರೋರು. ನಾನು, ಏನ್ರೀ ಇದು, ಹೊಳೇನೆಲ್ಲ ಮನೆಗೆ ಹೊತ್ತಾಕ್ತೀರಾ ಅಂತ ಆಡ್ಕತಿದ್ದೆ. ಒಂದಿನ ಇದು ಸಿಕ್ತು. ಅಣ್ಣನ ಮನೆಗೆ ತಗಂಡೋಗಿ, ಅದ್ರ ಪಕ್ಕ ಇಟ್ಟು, ನೀರು ಹಾಕಿ ನೋಡಿದ್ರಂತೆ. ಬಂದು ನಂಗೆ ಹೇಳಿದ್ರು, ಒಂದೇ ಕಣೇ, ಒಂದ್ ಕೂದ್ಲೆಳೆ ವ್ಯತ್ಯಾಸ ಅಷ್ಟೇ ಅಂತ."

"ಹಂಗಾರೆ ಮಾವ ಸುಳ್ಳು ಹೇಳಿದ್ರಾ?" ಎಂದು ಅಪ್ಪ ಕೇಳಿದರು. ಅದರಲ್ಲಿ ಸಿಟ್ಟಿರಲಿಲ್ಲ. ಅವರಿಗೆ ನಿಜವಾಗಿಯೂ ತಿಳಿದಿರಲಿಲ್ಲ.

"ಕಲ್ಲು ಏನು ಅನ್ನೋದ್ರಲ್ಲಿ ಹೇಳ್ಲಿಲ್ಲ. ಎಲ್ಲಿಂದ ಬಂತು ಅನ್ನೋದ್ರಲ್ಲಿ ಹೇಳಿದ್ರು. ನೀವೇ ನೋಡ್ಕಳಿ, ಏನನ್ಬೇಕು ಅಂತ."

ಅಮ್ಮ ಎದ್ದು ತೋಟಕ್ಕೆ ಹೋದಳು. ಬಹಳ ಹೊತ್ತು ಬರಲಿಲ್ಲ. ಈಗ ಅವಳು ಇಲ್ಲೇ ಉಳಿಯುತ್ತಾಳೆ ಎಂದು ನನಗೆ ಖಾತ್ರಿಯಾಯಿತು. ಗೆದ್ದಿದ್ದರೆ ವಾಪಸು ಹೋಗಬಹುದಿತ್ತು, ಸೋತು ಯಾವ ಮುಖದಲ್ಲಿ ಹೋಗುತ್ತಾಳೆ? ಆದರೆ ಬೆಳಿಗ್ಗೆ ಎದ್ದವಳೇ ಟ್ರಂಕಿನ ಮುಚ್ಚಳ ಒತ್ತಿ ಮುಚ್ಚಿ, "ನಡೀರಿ ಹೋಗಾನ, ಮೊದಲ್ನೇ ಬಸ್ಸು ಸಿಕ್ತದೆ," ಎಂದಳು. ಅಪ್ಪ ಯಾವ ಕಡೆಯ ಬಸ್ಸು ಎಂದು ಕೇಳಿದರು. ಬಸ್ಸಿನಲ್ಲಿ ಅವಳ ತೊಡೆಯ ಮೇಲೆ ತಮ್ಮ ಮಲಗಿದ್ದ. ಅವಳು ಕಿಟಕಿಯ ಕಡೆ ನೋಡುತ್ತ ನನಗೋ ತನಗೋ ಹೇಳಿದಳು.

"ನಮ್ಮಪ್ಪಂಗೆ ನೀರಲ್ಲಿ ನಿಂತ್ರೆ ಕಾಲು ಹಿಡ್ಕಣದು ಕಣೇ. ಗದ್ದೆಗೂ ಇಳೀತಿರ್ಲಿಲ್ಲ."

ಅಷ್ಟೇ ಹೇಳಿದ್ದು. ಅವಳು ಅಳುತ್ತಿರಲಿಲ್ಲ. ಮುಖದಲ್ಲಿ ಸೋತವಳ ಲಕ್ಷಣವೂ ಇರಲಿಲ್ಲ. ನನಗೆ ಒಂದೂ ಅರ್ಥವಾಗಲಿಲ್ಲ.

ನಾವು ಮನೆಗೆ ಬಂದಾಗ ಅಜ್ಜಿ ನಡುಮನೆಯಲ್ಲಿ ಮೊರ ಇಟ್ಟುಕೊಂಡು ಅಕ್ಕಿ ಆರಿಸುತ್ತಿದ್ದರು. ಜಗುಲಿಯ ಮೇಲೆ ಬರೀ ತಟ್ಟೆ ಇತ್ತು. ಅದರಲ್ಲಿ ನೀರು ನಿಂತಿತ್ತು. ಅಪ್ಪ ಬಾಯಿ ತೆರೆಯುವ ಮೊದಲೇ ಅಮ್ಮ ಅಜ್ಜಿಯ ಎದುರು ಕುಳಿತಳು.

"ನೀವ್ ಹೇಳಿದ್ದೇ ಸರಿ ಅತ್ತೆ. ಹೊಳೆ ಕಲ್ಲು. ಮುತ್ತಾತಂದಲ್ಲ. ನಮ್ಮಪ್ಪ ಶಿಂಷಾದಲ್ಲಿ ಹುಡುಕಿ ತಂದಿದ್ದು."

ಅಜ್ಜಿ ಅಕ್ಕಿಯಿಂದ ಕಣ್ಣೆತ್ತಲಿಲ್ಲ. ಒಂದು ಬೆಣಚಿನ ಚೂರನ್ನು ತೆಗೆದು ಪಕ್ಕಕ್ಕೆ ಹಾಕಿದರು.

"ಅವ್ರು ಹೇಳಿದ್ದು ನಿಜ ಅಂತ ನೀನು ಬಂದು ಹೇಳಿದ್ರೆ ನಂಗೆ ಗೊತ್ತಾಗ್ತಿತ್ತಾ?"

"ಇಲ್ಲ."

"ಮತ್ಯಾಕೆ ಹಿಂಗೆ ಹೇಳ್ದೆ?"

"ದಿನಾ ನೀರು ಎರೆಯೋರು ನೀವು. ಯಾವ್ದಕ್ಕೆ ಎರೀತಿದೀನಿ ಅಂತ ನಿಮಗೆ ಗೊತ್ತಿರ್ಬೇಕು."

ಅಜ್ಜಿ ಮೊರವನ್ನು ಪಕ್ಕಕ್ಕಿಟ್ಟರು. ಆಮೇಲೆ ಕೈ ಚಾಚಿದರು. "ಕೊಡಿಲ್ಲಿ. ಎಲ್ಲಿತ್ತೋ ಅಲ್ಲೇ ಇಡಾನ."

ಎಲ್ಲವೂ ಮುಗಿಯಿತು ಎಂದು ನಾನು ಉಸಿರು ಬಿಟ್ಟೆ. ಆದರೆ ಅಮ್ಮ ಸೆರಗಿನ ಗಂಟನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು.

"ಬ್ಯಾಡಿ ಅತ್ತೆ. ಇದು ನಮ್ಮಪ್ಪ ನಂಗೆ ಹುಡುಕಿದ್ದು. ನನ್ ಹತ್ರಾನೇ ಇರ್ಲಿ."

ಅಜ್ಜಿಯ ಚಾಚಿದ ಕೈ ಹಾಗೆಯೇ ನಿಂತಿತು. ಕಲ್ಲು ಜಗುಲಿ ಇಳಿದರೆ ಮನೆ ಬಿಡುತ್ತೇನೆ ಎಂದವಳು ಈಗ ಜಗುಲಿಗೆ ಕರೆದರೂ ಕೊಡುವುದಿಲ್ಲ ಎನ್ನುತ್ತಿದ್ದಾಳೆ. ಅಪ್ಪ ನನ್ನನ್ನು ನೋಡಿದರು, ನಾನು ಅಪ್ಪನನ್ನು ನೋಡಿದೆ. ಅಜ್ಜಿಗೆ ಅಮ್ಮನ ಮನಸ್ಸು ತಿಳಿಯಿತೋ ಏನೋ, ಕೈಯನ್ನು ನಿಧಾನವಾಗಿ ಹಿಂದಕ್ಕೆ ತೆಗೆದುಕೊಂಡು ಮೊಣಕಾಲಿನ ಮೇಲಿಟ್ಟುಕೊಂಡರು. ಖಾಲಿ ತಟ್ಟೆಯ ಕಡೆ ನೋಡಿದರು.

"ನೀಲಾ, ನಿನ್ ಕಲ್ಲೆಲ್ಲೇ?"

ನಾನು ಲಂಗದ ಮಡಿಕೆಯಿಂದ ತೆಗೆದು ತೋರಿಸಿದೆ.

"ನಂಗೆ ಕೊಡ್ತೀಯಾ?"

"ಅಜ್ಜಿ, ಇದು ಎಮ್ಮೆ ಮೀಯೋ ಹಳ್ಳದ್ದು," ಎಂದೆ. ಅವರು ಮರೆತಿರಬಹುದೆಂದು ನಾನು ನಿಜವಾಗಿಯೂ ಅಂದುಕೊಂಡಿದ್ದೆ.

"ಗೊತ್ತೈತೆ ಬುಡೇ. ಚೆನ್ನಾಗಿ ತೊಳ್ಕಂಡು ಬಾ."

ಮರುದಿನದಿಂದ ಅಜ್ಜಿ ನನ್ನ ಕಲ್ಲಿಗೆ ನೀರೆರೆದರು. ನೀರು ಬಿದ್ದಾಗ ಅದೂ ಕರಗುತ್ತಿತ್ತು. ಮೊದಲಿನಂತೆ ಸಿವ ಹೋದ ಬಂದ ಎನ್ನುತ್ತಿರಲಿಲ್ಲ, ತುಟಿ ಬಿಗಿದುಕೊಂಡು ನೋಡುತ್ತಿದ್ದರು. ಸೋಮವಾರ ಪಕ್ಕಕ್ಕೆ ಸರಿದು ಅಮ್ಮನಿಗೆ ಜಾಗ ಬಿಡುವುದನ್ನು ಮಾತ್ರ ನಿಲ್ಲಿಸಲಿಲ್ಲ. ಮನೆಗೆ ಬಂದವರು ಕೇಳಿದರೆ, "ನಮ್ ಹಳ್ಳದ್ದು," ಎಂದು ಅಷ್ಟೇ ಹೇಳಿ ಬೇರೆ ಮಾತು ತೆಗೆಯುತ್ತಿದ್ದರು. ನನ್ನ ಆಟಕ್ಕೆ ಐದನೆಯ ಕಲ್ಲು ಇಲ್ಲವಾಯಿತು. ಅದನ್ನು ಕೊಟ್ಟದ್ದಕ್ಕೆ ಹೆಮ್ಮೆ ಪಡಬೇಕೋ ಅಳಬೇಕೋ ಎಂದು ತಿಳಿಯದೆ ಕೆಲವು ದಿನ ಎರಡನ್ನೂ ಮಾಡಿದೆ.

ಅಜ್ಜಿಗೆ ಕೊಟ್ಟ ನನ್ನ ಕಲ್ಲು ಈಗ ನನ್ನ ತಮ್ಮನ ಮನೆಯಲ್ಲಿದೆ. ಹಳೇ ಜಗುಲಿ ಹೋಗಿ ಗ್ರಾನೈಟ್ ಕಟ್ಟೆ ಬಂದಿದೆ, ಕಲ್ಲಿಗೆ ಬೆಳ್ಳಿಯ ಪೀಠ ಮಾಡಿಸಿದ್ದಾರೆ. ಹೋದ ವರ್ಷ ಗೃಹಪ್ರವೇಶಕ್ಕೆ ಹೋದಾಗ ಅವನ ಸೊಸೆ ಬಂದವರಿಗೆಲ್ಲ, "ಇದು ನಮ್ಮ ಮುತ್ತಾತನ ಕಾಲದ ಸ್ಫಟಿಕ," ಎಂದು ತೋರಿಸುತ್ತಿದ್ದಳು. ನಾನು ಹಿಂದೆ ನಿಂತು ಕೇಳಿಸಿಕೊಂಡೆ. ಹೇಳಬೇಕೆಂದು ಬಾಯಿಗೆ ಬಂತು, ಆದರೆ ಅವಳು ಹೇಳಿದ್ದು ಈಗ ಸುಳ್ಳೋ ನಿಜವೋ ನನಗೇ ಗೊತ್ತಾಗದೆ ಸುಮ್ಮನಾದೆ. ಅಮ್ಮನ ಕಲ್ಲು ಎಲ್ಲೂ ಇಲ್ಲ. ಅವಳು ಹೋದಾಗ, ನಮ್ಮ ಪದ್ಧತಿಯಂತೆ ಕೂರಿಸಿ, ಎಡ ಅಂಗೈಯಲ್ಲಿ ಅವಳ ಲಿಂಗವನ್ನಿಟ್ಟರು. ಬಲಗೈ ಖಾಲಿ ಇತ್ತು. ಸೆರಗಿನ ಗಂಟು ಬಿಚ್ಚಿ ಅವಳಪ್ಪನ ಕಲ್ಲನ್ನು ಆ ಕೈಯೊಳಗಿಟ್ಟು ಬೆರಳು ಮಡಿಸಿದವಳು ನಾನು. ಮಣ್ಣು ಮುಚ್ಚಿದರು.

ಹಾಗಾಗಿ ಮಕ್ಕಳೇ, ಇದೇ ಆ ಕಲ್ಲು ಎಂದು ತೆಗೆದು ನಿಮ್ಮ ಕೈಗೆ ಕೊಡಲು ನನ್ನ ಹತ್ತಿರ ಏನೂ ಇಲ್ಲ. ಅದನ್ನು ಹುಡುಕಲು ಒಬ್ಬರು ಹೊಳೆಗೆ ಇಳಿದಿದ್ದರು ಎಂಬುದು ಈಗ ಗೊತ್ತಿರುವುದು ನನಗೊಬ್ಬಳಿಗೆ. ಓದಿದ ಮೇಲೆ ನಿಮಗೂ ಗೊತ್ತಾಯಿತು. ಈ ಹಾಳೆಗಳನ್ನು ಹಳೇ ಪೇಪರಿನ ಜೊತೆ ಹಾಕಿಬಿಡಬೇಡಿ. ನಿಮ್ಮ ಬಟ್ಟೆಯ ಬೀರುವಿನಲ್ಲಿ, ಒದ್ದೆ ತಾಗದ ಕಡೆ ಇಟ್ಟುಕೊಳ್ಳಿ.